ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬೀಳುವ ಮುನ್ನ: ನಮ್ಮ ಜಿಲ್ಲೆಗಳ ಮಾತನ್ನು ದೆಹಲಿಗೆ ಮುಟ್ಟಿಸುವ ಬಗೆ

ಬೇರೊಂದು ದೇಶದ ಜೊತೆ ಮುಕ್ತ ವ್ಯಾಪಾರ ಒಪ್ಪಂದವಾಯಿತೆಂಬ ಸುದ್ದಿ ನಮ್ಮ ಕಡೆಗೆ ಬರುವುದು ಸಾಮಾನ್ಯವಾಗಿ ಇಬ್ಬರು ಮಂತ್ರಿಗಳು ಕೈಕುಲುಕುತ್ತಿರುವ ಚಿತ್ರದ ಜೊತೆಗೆ. ಅಷ್ಟರಲ್ಲಿ ಯಾವ ಸರಕಿನ ಸುಂಕ ಇಳಿಯಬೇಕು, ಯಾವುದರದು ಉಳಿಯಬೇಕು ಎಂಬುದೆಲ್ಲ ತೀರ್ಮಾನವಾಗಿಬಿಟ್ಟಿರುತ್ತದೆ. ಮರುದಿನ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಧರಣಿ ಕೂತು ಮನವಿ ಕೊಟ್ಟರೆ ಅದಕ್ಕೆ ಸ್ವೀಕೃತಿಯ ಮೊಹರು ಬೀಳುತ್ತದೆ, ಆದರೆ ಒಪ್ಪಂದದ ಒಂದು ಅಕ್ಷರವೂ ಬದಲಾಗುವುದಿಲ್ಲ. ಒಪ್ಪಂದದ ನಿಜವಾದ ರಾಜಕೀಯ ನಡೆಯುವುದು ಸಹಿಗೆ ಎರಡು ಮೂರು ವರ್ಷ ಮುಂಚೆ, ಅದೂ ಎರಡು ದೇಶಗಳ ನಡುವೆ ಮಾತ್ರವಲ್ಲ, ನಮ್ಮ ದೇಶದೊಳಗಿನ ನಮ್ಮ ನಮ್ಮ ನಡುವೆ. ಆ ಹೊತ್ತಿನಲ್ಲಿ ಏನು ಮಾಡಬೇಕು ಎಂಬುದನ್ನು ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ರೈತ ಸಂಘಗಳು, ರೈತ ಉತ್ಪಾದಕ ಕಂಪನಿಗಳು, ಜಿನ್ನಿಂಗ್ (ಹತ್ತಿಯಿಂದ ಬೀಜ ಬೇರ್ಪಡಿಸುವ) ಹಾಗೂ ರೈಸ್ ಮಿಲ್ ಮಾಲೀಕರು, ಜೀನ್ಸ್ ಹೊಲಿಗೆ ಘಟಕದವರು ಬಳಸಿಕೊಳ್ಳಲೆಂದು ಇಲ್ಲಿ ಬರೆದಿದ್ದೇನೆ.

ತೀರ್ಮಾನಿಸುವವರು ಯಾರು

ಕೃಷಿ ರಾಜ್ಯಪಟ್ಟಿಯ ವಿಷಯ. ಆದರೆ ವಿದೇಶಗಳೊಂದಿಗೆ ಒಪ್ಪಂದ ಮಾಡಿಕೊಳ್ಳುವುದು ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರಪಟ್ಟಿಯ 14ನೇ ನಮೂದು, ವಿದೇಶಿ ವ್ಯಾಪಾರ 41ನೇ ನಮೂದು. ಹೀಗಾಗಿ ನಮ್ಮ ಹೊಲದ ಬೆಳೆಯ ಬೆಲೆಯನ್ನು ತಟ್ಟುವ ಒಪ್ಪಂದಕ್ಕೆ ಕರ್ನಾಟಕ ಸರ್ಕಾರ ಸಹಿಯನ್ನೂ ಹಾಕುವುದಿಲ್ಲ, ತಡೆಯನ್ನೂ ಒಡ್ಡಲಾರದು. ಒಪ್ಪಂದವನ್ನು ಜಾರಿಗೊಳಿಸಲು ಹೊಸ ಕಾನೂನು ಬೇಕಾದರೆ 253ನೇ ವಿಧಿಯ ಅಡಿಯಲ್ಲಿ ಸಂಸತ್ತು ಅದನ್ನು ರೂಪಿಸಬಹುದು. ಬಹಳಷ್ಟು ಬಾರಿ ಅದರ ಅಗತ್ಯವೂ ಬೀಳುವುದಿಲ್ಲ: ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಡುತ್ತದೆ, ಸಹಿ ಆಗುತ್ತದೆ, 1962ರ ಕಸ್ಟಮ್ಸ್ ಕಾಯ್ದೆಯ 25ನೇ ಕಲಮಿನಂತೆ ಹಣಕಾಸು ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿದರೆ ಬಂದರಿನಲ್ಲಿ ಸುಂಕ ಇಳಿದುಬಿಡುತ್ತದೆ.

ಬೇರೆ ಕಡೆ ಹೀಗಿಲ್ಲ. ಬ್ರಿಟನ್ನಿನಲ್ಲಿ 2010ರ ಕಾಯ್ದೆಯೊಂದರ ಪ್ರಕಾರ ಒಪ್ಪಂದವನ್ನು 21 ಅಧಿವೇಶನ ದಿನಗಳ ಕಾಲ ಸಂಸತ್ತಿನ ಮುಂದಿಡಬೇಕು. ಐರೋಪ್ಯ ಒಕ್ಕೂಟದಲ್ಲಿ ಐರೋಪ್ಯ ಸಂಸತ್ತಿನ ಸಮ್ಮತಿ ಬೇಕು. 2016ರ ಅಕ್ಟೋಬರಿನಲ್ಲಿ ಬೆಲ್ಜಿಯಂ ದೇಶದ ವಲೋನಿಯಾ ಎಂಬ ಒಂದೇ ಪ್ರಾಂತ್ಯದ ಶಾಸನಸಭೆಯು ಕೆನಡಾ ಜೊತೆಗಿನ ಇಡೀ ಐರೋಪ್ಯ ಒಪ್ಪಂದವನ್ನು ಕೆಲವು ದಿನ ತಡೆದು ನಿಲ್ಲಿಸಿತ್ತು. ಅಲ್ಲಿ ಹೈನುಗಾರರು ತಮ್ಮ ಪ್ರತಿನಿಧಿಯ ಮನೆ ಬಾಗಿಲು ತಟ್ಟಲು ಒಂದು ನಿಶ್ಚಿತ ದಿನ ಇರುತ್ತದೆ, ಅದು ಮತ ಹಾಕುವ ದಿನ. ನಮಗೆ ಆ ದಿನವಿಲ್ಲ. ಆದ್ದರಿಂದ ನಮ್ಮ ಒತ್ತಡವೆಲ್ಲ ಮಾತುಕತೆ ನಡೆಯುವ ಅವಧಿಯಲ್ಲೇ ಬೀಳಬೇಕು. ಬ್ರಿಟನ್ ಜೊತೆಗಿನ ಒಪ್ಪಂದದ ಮಾತುಕತೆ 2022ರ ಜನವರಿಯಲ್ಲಿ ಆರಂಭವಾಗಿ 2025ರ ಮೇ 6ರಂದು ಮುಗಿಯಿತು, ಸಹಿ ಬಿದ್ದದ್ದು ಜುಲೈ 24ರಂದು. ಕೆಲಸ ಮಾಡಲು ಇದ್ದ ಕಾಲ ಮೂರು ವರ್ಷಕ್ಕೂ ಹೆಚ್ಚು, ಮೇ ತಿಂಗಳ ನಂತರದ್ದು ಕೇವಲ ಕಾನೂನಿನ ಭಾಷೆ ತಿದ್ದುವ ಅವಧಿ.

ಮೊದಲ ಕೆಲಸ: ನಿಮ್ಮ ಸರಕಿನ ಸಂಖ್ಯೆ ಹುಡುಕುವುದು

ಒಪ್ಪಂದದ ಪಟ್ಟಿಗಳಲ್ಲಿ ‘ರಾಯಚೂರಿನ ಹತ್ತಿ’ ಎಂದಾಗಲಿ ‘ಗಂಗಾವತಿಯ ಸೋನಾ ಮಸೂರಿ’ ಎಂದಾಗಲಿ ಇರುವುದಿಲ್ಲ. ಅಲ್ಲಿರುವುದು ಎಚ್‌.ಎಸ್‌. ಕೋಡ್ ಎಂಬ ಸಂಖ್ಯೆ. ಮೊದಲ ಆರು ಅಂಕಿ ಜಗತ್ತಿಗೆಲ್ಲ ಒಂದೇ, ಭಾರತ ಅದನ್ನು ಎಂಟಂಕಿಗೆ ವಿಸ್ತರಿಸಿಕೊಂಡಿದೆ. ಜಿನ್ ಮಾಡಿದ ಹತ್ತಿ 5201ರಲ್ಲಿ ಬರುತ್ತದೆ, ಗಿರಣಿಯಿಂದ ಹೊರಬಂದ ಬಿಳಿ ಅಕ್ಕಿ 1006.30ರಲ್ಲಿ, ಗಂಡಸರ ಹತ್ತಿಬಟ್ಟೆಯ ಪ್ಯಾಂಟು, ಅಂದರೆ ಬಳ್ಳಾರಿಯ ಜೀನ್ಸ್, 6203.42ರಲ್ಲಿ, ಹೆಂಗಸರದು 6204.62ರಲ್ಲಿ. ಸೂರ್ಯಕಾಂತಿ ಬೀಜಕ್ಕೆ 1206, ಅದರ ಎಣ್ಣೆಗೆ 1512, ತೊಗರಿಗೆ 0713.60, ಒಣ ಮೆಣಸಿನಕಾಯಿಗೆ 0904. ಈ ಸಂಖ್ಯೆ ಗೊತ್ತಿಲ್ಲದೆ ಮನವಿ ಬರೆದವರಿಗೆ ವಾಣಿಜ್ಯ ಸಚಿವಾಲಯದ ಅಧಿಕಾರಿ ಉತ್ತರ ಕೊಡಬೇಕೆಂದರೂ ಕೊಡಲಾಗುವುದಿಲ್ಲ.

ಸಂಖ್ಯೆ ಸಿಕ್ಕ ಮೇಲೆ ಈಗಾಗಲೇ ಸಹಿಯಾದ ಹಳೆಯ ಒಪ್ಪಂದಗಳಲ್ಲಿ ಆ ಸಂಖ್ಯೆಯ ಎದುರು ಏನು ಬರೆದಿದೆ ಎಂದು ನೋಡಿಕೊಳ್ಳಬೇಕು. ಪೂರ್ಣ ಪಠ್ಯಗಳು ವಾಣಿಜ್ಯ ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ. ಬ್ರಿಟನ್ ಒಪ್ಪಂದವನ್ನೇ ತೆಗೆದುಕೊಳ್ಳಿ. ಭಾರತದ ಸುಮಾರು ಶೇ 99ರಷ್ಟು ಸರಕುಗಳ ಸಾಲುಗಳಿಗೆ (ಒಂದೊಂದು ಸಂಖ್ಯೆಗೆ ಒಂದು ಸಾಲು) ಅಲ್ಲಿ ಸುಂಕವಿಲ್ಲ ಎಂಬುದು ದೊಡ್ಡ ಸುದ್ದಿಯಾಯಿತು. ಆದರೆ ಬ್ರಿಟನ್ ತನ್ನವರ ಒತ್ತಾಯಕ್ಕೆ ಮಣಿದು ಹೊರಗಿಟ್ಟ ಕೆಲವೇ ಸರಕುಗಳಲ್ಲಿ ಸಕ್ಕರೆ, ಹಂದಿಮಾಂಸ, ಕೋಳಿ, ಮೊಟ್ಟೆಗಳ ಜೊತೆಗೆ ಗಿರಣಿಯ ಅಕ್ಕಿಯೂ ಇದೆ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ರೈಸ್ ಮಿಲ್‌ಗಳಿಗೆ ಬೇಕಾಗಿದ್ದದ್ದು ಆ ಉಳಿದ ಶೇ 1ರೊಳಗಿನ ಒಂದು ಸಾಲು. ಹಾಗೆಯೇ ಭಾರತವೂ ಹಾಲಿನ ಉತ್ಪನ್ನ, ಸೇಬು, ಖಾದ್ಯ ತೈಲಗಳನ್ನು ಹೊರಗಿಟ್ಟಿತು. ಎರಡೂ ಕಡೆ ಯಾರ ದನಿ ಗಟ್ಟಿಯಾಗಿತ್ತು ಎಂಬುದನ್ನು ಹೊರಗಿಟ್ಟ ಪಟ್ಟಿಯೇ ಹೇಳುತ್ತದೆ. ಒಪ್ಪಂದದ ಉಳಿದ ಸಾವಿರ ಪುಟ ಓದಲಾಗದಿದ್ದರೂ ಈ ಪಟ್ಟಿಯನ್ನು ಓದಲೇಬೇಕು.

ದೆಹಲಿಗೆ ಹೋಗುವ ಮುಂಚೆ ಊರೊಳಗಿನ ಜಗಳ ಬಗೆಹರಿಯಲಿ

ಹೆಚ್ಚು ಶ್ರಮ ಹಾಕಬೇಕಾದದ್ದು ಇಲ್ಲಿ, ನಾವು ಅತಿ ಕಡಿಮೆ ಶ್ರಮ ಹಾಕುವುದೂ ಇಲ್ಲೇ. ಹತ್ತಿಯ ಮಾತನ್ನೇ ಹತ್ತಿರದಿಂದ ನೋಡೋಣ.

ರಾಯಚೂರು ಎಪಿಎಂಸಿಗೆ ಹತ್ತಿ ತರುವ ರೈತನಿಗೆ ಆಮದು ಹತ್ತಿಯ ಮೇಲೆ ಸುಂಕ ಇರಬೇಕು. 2021ರ ಬಜೆಟ್ಟಿನ ನಂತರ ಆ ಸುಂಕ ಎಲ್ಲ ಸೇರಿ ಶೇ 11 ಆಗಿತ್ತು. ಜಿನ್ನಿಂಗ್ ಮಿಲ್ಲಿನವನು ರೈತನ ಪಕ್ಷದವನೇ, ಏಕೆಂದರೆ ಹೊರದೇಶದ ಹತ್ತಿ ಬೇಲ್ ಆಗಿಯೇ ಬಂದು ನೇರವಾಗಿ ನೂಲಿನ ಗಿರಣಿ ಸೇರುತ್ತದೆ, ಇವನ ಯಂತ್ರಕ್ಕೆ ಕೆಲಸವನ್ನೇ ಕೊಡುವುದಿಲ್ಲ. ಹತ್ತಿ ಬಿಡಿಸಲು ಹೋಗುವ ಕೂಲಿ ಹೆಣ್ಣುಮಕ್ಕಳ ಹಿತವೂ ಇದೇ ಕಡೆಗಿದೆ, ಆದರೆ ಅವರನ್ನು ಯಾವ ಸಭೆಗೂ ಯಾರೂ ಕರೆಯುವುದಿಲ್ಲ. ನೂಲಿನ ಗಿರಣಿಗಳು ಎದುರು ಪಕ್ಷ, ಅವುಗಳಿಗೆ ಅಗ್ಗದ, ಕಸವಿಲ್ಲದ ಹತ್ತಿ ಬೇಕು. ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಹತ್ತಿಯ ಸುಂಕಕ್ಕಿಂತ ಹೊರಗಿನಿಂದ ಬರುವ ಸಿದ್ಧ ಉಡುಪಿನ ಚಿಂತೆಯೇ ದೊಡ್ಡದು. ಬಾಂಗ್ಲಾದೇಶದ ಸಿದ್ಧ ಉಡುಪುಗಳಿಗೆ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದದ ಅಡಿಯಲ್ಲಿ 2011ರಿಂದ ಸುಂಕ ಮಾಫಿ ಇದೆ. 2025ರ ಮೇ ತಿಂಗಳಲ್ಲಿ ಸರ್ಕಾರ ಅವುಗಳ ಆಮದನ್ನು ಕೋಲ್ಕತ್ತ ಮತ್ತು ನ್ಹಾವಾ ಶೇವಾ ಬಂದರುಗಳಿಗೆ ಸೀಮಿತಗೊಳಿಸಿತು. ಹಾಗಾಗಿ ರೈತ ಸಂಘದವರು ‘ಸುಂಕ ಹಾಕಿ’ ಎಂದು, ಜವಳಿಯವರು ‘ಸುಂಕ ತೆಗೆಯಿರಿ’ ಎಂದು ಬೇರೆ ಬೇರೆ ಕಾಗದ ಕೊಟ್ಟರೆ, ಒಂದೇ ಭಾಗದಿಂದ ಬಂದ ಎರಡು ಕಾಗದಗಳು ಒಂದನ್ನೊಂದು ಅಳಿಸಿಹಾಕುತ್ತವೆ, ದೆಹಲಿ ತನಗೆ ಅನುಕೂಲವಾದುದನ್ನು ಆರಿಸಿಕೊಳ್ಳುತ್ತದೆ.

ಈ ಪಕ್ಷಗಳನ್ನೆಲ್ಲ ಒಂದು ಕಡೆ ಕೂಡಿಸಿ, ಯಾರಿಗೆ ಏನು ಬಿಟ್ಟುಕೊಡಲು ಸಾಧ್ಯ ಎಂದು ಕೇಳಿ ಬರೆದುಕೊಳ್ಳಬೇಕು. ರೈತರು ‘ಒಂದು ಬೇಲ್ ಕೂಡ ಬರಬಾರದು’ ಎಂಬ ಹಟ ಬಿಡಲು ಸಾಧ್ಯವೇ? ಸಾಧ್ಯ, ಲೆಕ್ಕ ನೋಡಿದರೆ. ಆಸ್ಟ್ರೇಲಿಯಾ ಜೊತೆ 2022ರಲ್ಲಿ ಆದ ಒಪ್ಪಂದದಲ್ಲಿ ವರ್ಷಕ್ಕೆ 51,000 ಟನ್ ಹತ್ತಿಗೆ ಸುಂಕವಿಲ್ಲ. ಒಂದು ಬೇಲಿಗೆ 170 ಕಿಲೊ ಎಂದು ಹಿಡಿದರೆ ಅದು 3 ಲಕ್ಷ ಬೇಲ್. ದೇಶದ ಉತ್ಪಾದನೆ ಸುಮಾರು 300 ಲಕ್ಷ ಬೇಲ್ ಇರುವಾಗ ಇದು ನೂರಕ್ಕೆ ಒಂದು ಪಾಲು. ಇಂತಹ ಮಿತಿಯನ್ನು ವಿರೋಧಿಸಿ ಶಕ್ತಿ ಕಳೆದುಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಹೋಲಿಸಿದರೆ 2025ರ ಆಗಸ್ಟ್ 19ರಿಂದ ಸೆಪ್ಟೆಂಬರ್ 30ರವರೆಗೆ ಎಂದು ಹೇಳಿ, ಅನಂತರ ಡಿಸೆಂಬರ್ 31ರವರೆಗೆ ಮುಂದುವರಿಸಿದ ಸುಂಕ ವಿನಾಯಿತಿ ಎಷ್ಟೋ ಪಾಲು ದೊಡ್ಡದು. ಅದಕ್ಕೆ ಟನ್ನಿನ ಮಿತಿ ಇರಲಿಲ್ಲ, ಒಂದು ದೇಶದ ಕಟ್ಟು ಇರಲಿಲ್ಲ, ನಮ್ಮ ಕಡೆ ಹತ್ತಿ ಬಿಡಿಸಿ ಮಾರುಕಟ್ಟೆಗೆ ತರುವ ತಿಂಗಳುಗಳೇ ಅದರೊಳಗೆ ಸಿಕ್ಕಿಕೊಂಡವು. ಆ ವರ್ಷ ಉದ್ದ ಎಳೆಯ ಹತ್ತಿಗೆ ಕ್ವಿಂಟಲ್‌ಗೆ 8,110 ರೂಪಾಯಿ ಬೆಂಬಲ ಬೆಲೆ ಇತ್ತು. ಅಮೆರಿಕ ಹಾಕಿದ ಹೆಚ್ಚುವರಿ ಸುಂಕದಿಂದ ಜವಳಿ ಉದ್ಯಮಕ್ಕೆ ಪೆಟ್ಟು ಬಿದ್ದದ್ದು ನಿಜ, ಆ ಪೆಟ್ಟಿಗೆ ಪರಿಹಾರವೆಂದು ಬೇರೆ ದೇಶಗಳ ಹತ್ತಿಗೆ ಬಾಗಿಲು ತೆರೆದಾಗ ಭಾರ ಹೊತ್ತವರು ಹತ್ತಿ ಬೆಳೆಗಾರರು. ಇದು ಒಪ್ಪಂದವಲ್ಲ, ಬರೀ ಅಧಿಸೂಚನೆ. ಒಪ್ಪಂದದ ಮೇಲೆ ಕಣ್ಣಿಟ್ಟವರು ಅಧಿಸೂಚನೆಯ ಮೇಲೂ ಕಣ್ಣಿಡಬೇಕು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ. ಸೂರ್ಯಕಾಂತಿಯಲ್ಲೂ ಇದೇ ಆಗಿದೆ: ಕಚ್ಚಾ ಖಾದ್ಯ ತೈಲದ ಮೂಲ ಸುಂಕ 2024ರ ಸೆಪ್ಟೆಂಬರಿನಲ್ಲಿ ಶೂನ್ಯದಿಂದ ಶೇ 20ಕ್ಕೆ ಏರಿ, 2025ರ ಮೇ ಕೊನೆಗೆ ಶೇ 10ಕ್ಕೆ ಇಳಿಯಿತು, ಕೊಪ್ಪಳದ ರೈತ ಬಿತ್ತನೆಗೆ ಸಿದ್ಧವಾಗುವ ಹೊತ್ತಿಗೆ.

ಹೀಗೆ ಕೂತು ಮಾತನಾಡಿದರೆ ಒಂದು ರಾಜಿ ಸೂತ್ರ ಸಿಗುತ್ತದೆ. ಇಲ್ಲಿ ಕಡಿಮೆ ಬೆಳೆಯುವ ಅತಿ ಉದ್ದ ಎಳೆಯ ಹತ್ತಿಗೆ ಮಿತಿಯೊಳಗೆ ರಿಯಾಯಿತಿ ಇರಲಿ ಎಂದು ರೈತರು ಒಪ್ಪಬಹುದು. ಸುಗ್ಗಿಯ ತಿಂಗಳುಗಳಲ್ಲಿ ವಿನಾಯಿತಿ ಬೇಡ ಎಂಬುದಕ್ಕೆ ನೂಲಿನವರು ತಲೆದೂಗಬಹುದು. ಸಿದ್ಧ ಉಡುಪಿನ ಆಮದಿನ ವಿಚಾರದಲ್ಲಿ ಜೀನ್ಸ್ ಘಟಕಗಳ ಬೇಡಿಕೆಗೆ ರೈತ ಸಂಘಗಳು ದನಿಗೂಡಿಸಬಹುದು. ಎಲ್ಲರೂ ಸಹಿ ಹಾಕಿದ ಒಂದೇ ಕಾಗದಕ್ಕೆ ಇರುವ ತೂಕ, ಒಬ್ಬೊಬ್ಬರೇ ಕೊಟ್ಟ ಹತ್ತು ಕಾಗದಕ್ಕೆ ಇರುವುದಿಲ್ಲ.

ಅಕ್ಕಿಯಲ್ಲಿ ಜಗಳ ಬೇರೆ ಬಗೆಯದು. ಇಲ್ಲಿ ರೈತ, ಮಿಲ್ಲಿನವರು ಇಬ್ಬರಿಗೂ ಹೊರ ಮಾರುಕಟ್ಟೆ ಬೇಕು, ಎದುರು ನಿಲ್ಲುವುದು ಪಟ್ಟಣಗಳಲ್ಲಿ ಅಕ್ಕಿ ಕೊಂಡು ತಿನ್ನುವವರ ಬೆಲೆಯೇರಿಕೆಯ ಭಯ. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ಕೇಂದ್ರ ನಿಷೇಧಿಸಿತು, 2024ರ ಸೆಪ್ಟೆಂಬರ್ 28ರವರೆಗೆ ಆ ನಿಷೇಧ ಉಳಿಯಿತು. ಹೊರದೇಶ ಎಷ್ಟೇ ಸುಂಕ ಇಳಿಸಿದ್ದರೂ ಆ ಹದಿನಾಲ್ಕು ತಿಂಗಳು ಸೋನಾ ಮಸೂರಿಗೆ ಅದರಿಂದ ಪ್ರಯೋಜನವಿರಲಿಲ್ಲ. ಆದ್ದರಿಂದ ಅಕ್ಕಿಯವರ ಮನವಿಯಲ್ಲಿ ಎರಡು ಬೇಡಿಕೆ ಇರಲೇಬೇಕು: ಅವರ ಸುಂಕ ಇಳಿಯಲಿ, ನಮ್ಮ ನಿಷೇಧಕ್ಕೆ ಮುಂಚಿತ ಸೂಚನೆ ಇರಲಿ.

ಉಕ್ಕಿನ ಬಗ್ಗೆ ಒಂದೆರಡು ಮಾತು ಸಾಕು. ಕೊರಿಯಾ ಜೊತೆ 2010ರಿಂದ, ಜಪಾನ್ ಜೊತೆ 2011ರಿಂದ ಜಾರಿಯಲ್ಲಿರುವ ಒಪ್ಪಂದಗಳಿಂದ ಅಲ್ಲಿನ ಉಕ್ಕು ಸುಂಕವಿಲ್ಲದೆ ಬರುತ್ತದೆಂದು ದೊಡ್ಡ ಕಾರ್ಖಾನೆಗಳು ವರ್ಷಗಳಿಂದ ದೂರುತ್ತಿವೆ. ತೋರಣಗಲ್ಲಿನಂತಹ ದೊಡ್ಡ ಸ್ಥಾವರಗಳಿಗೆ ತಮ್ಮದೇ ವಕೀಲರು, ತಜ್ಞರು ಇದ್ದಾರೆ, ಈ ಕೈಪಿಡಿ ಅವರಿಗೆ ಬೇಕಿಲ್ಲ. ಆದರೆ ಅದೇ ಉಕ್ಕನ್ನು ಕೊಂಡು ಟ್ರಾಲಿ, ಶಟರ್, ಕೃಷಿ ಉಪಕರಣ ಮಾಡುವ ಸಣ್ಣ ವರ್ಕ್‌ಷಾಪಿನವರ ಹಿತ ಇದಕ್ಕೆ ಎದುರಾಗಿರುತ್ತದೆ ಎಂಬುದು ನೆನಪಿರಲಿ.

ಮನವಿ ಬರೆಯುವ ಕ್ರಮ

‘ವಿದೇಶಿ ಹತ್ತಿ ತಡೆಯಿರಿ, ರೈತರನ್ನು ಉಳಿಸಿ’ ಎಂಬ ಸಾಲು ಫಲಕಕ್ಕೆ ಸರಿ, ಮನವಿಗೆ ಸಾಲದು. ಮಾತುಕತೆಯ ಮೇಜಿನಲ್ಲಿ ಕೂತ ಅಧಿಕಾರಿಗೆ ಬಳಸಲು ಬರುವಂತಹ ಬರಹ ಹೀಗಿರುತ್ತದೆ: ‘5201ರ ಅಡಿಯ ಹತ್ತಿಗೆ ಈಗಿರುವ ಸುಂಕವನ್ನು ಈ ಒಪ್ಪಂದದಲ್ಲಿ ಇಳಿಸಬಾರದು. ಇಳಿಸುವುದು ಅನಿವಾರ್ಯವಾದರೆ ವಾರ್ಷಿಕ ಮಿತಿ ನಿಗದಿಯಾಗಲಿ, ಆ ಮಿತಿಯ ಸರಕು ಅಕ್ಟೋಬರ್‌ನಿಂದ ಜನವರಿಯವರೆಗೆ ಬಾರದಿರಲಿ. ಮಾರುಕಟ್ಟೆ ದರ ಬೆಂಬಲ ಬೆಲೆಗಿಂತ ಕೆಳಗಿಳಿದರೆ ರಿಯಾಯಿತಿ ತಾನಾಗಿ ನಿಲ್ಲುವ ಷರತ್ತು ಸೇರಲಿ.’ ಬೇಡಿಕೆಗಳು ಮೆಟ್ಟಿಲು ಮೆಟ್ಟಿಲಾಗಿರಬೇಕು: ಮೊದಲು ಪಟ್ಟಿಯಿಂದ ಹೊರಗಿಡಿ ಎಂಬುದು, ಆಗದಿದ್ದರೆ ಏಳೆಂಟು ವರ್ಷಗಳಲ್ಲಿ ಹಂತಹಂತವಾಗಿ ಇಳಿಸಿ ಎಂಬುದು, ಅದೂ ಆಗದಿದ್ದರೆ ಟನ್ನಿನ ಮಿತಿ, ಕೊನೆಗೆ ಆಮದು ದಿಢೀರನೆ ಏರಿದಾಗ ಹಾಕುವ ರಕ್ಷಣಾ ಸುಂಕದ ಅವಕಾಶ. ಒಂದೇ ಬೇಡಿಕೆ ಹಿಡಿದು ಹೋದವರಿಗೆ ಅದು ಸಿಗದಿದ್ದಾಗ ಏನೂ ಸಿಗುವುದಿಲ್ಲ.

ಮನವಿಗೆ ಪುರಾವೆ ಜೋಡಿಸಿ. ಹೆಚ್ಚಿನದೇನೂ ಬೇಡ: ನಿಮ್ಮ ಸಂಘದ ಸದಸ್ಯರ ಕಳೆದ ಮೂರು ಹಂಗಾಮಿನ ಅಡತಿ ಅಂಗಡಿಯ ಲೆಕ್ಕಪಟ್ಟಿಗಳು, ಅದೇ ದಿನಗಳ ಆವಕ ಮತ್ತು ದರ, ಎಕರೆಗೆ ತಗುಲಿದ ಖರ್ಚು. ಮಾರುಕಟ್ಟೆಯ ದಿನದಿನದ ದರ ಕೃಷಿ ಮಾರಾಟ ವಾಹಿನಿಯಲ್ಲಿ ಸಿಗುತ್ತದೆ. ಪಟ್ಟಿಗಳನ್ನು ಒಂದು ಕಡೆ ಕೂಡಿಸಿಟ್ಟ ಸಂಘ ನಮ್ಮ ಭಾಗದಲ್ಲಿ ಅಪರೂಪ, ರೈತ ಅವನ್ನು ಸಾಲ ತೀರಿದ ಮೇಲೆ ಹರಿದು ಎಸೆಯುತ್ತಾನೆ. 2019ರಲ್ಲಿ ಚೀನಾ, ನ್ಯೂಜಿಲೆಂಡ್ ಮುಂತಾದ ದೇಶಗಳಿದ್ದ ಆರ್‌ಸಿಇಪಿ ಎಂಬ ವ್ಯಾಪಾರ ಒಪ್ಪಂದದ ಮಾತುಕತೆ ನಡೆದಾಗ ಹೈನುಗಾರರ ಮಾತಿಗೆ ಬೆಲೆ ಬಂದದ್ದಕ್ಕೆ ಅವರು ಲೆಕ್ಕ ಇಟ್ಟದ್ದೂ ಒಂದು ಕಾರಣ ಎಂದು ನಾನು ನಂಬಿದ್ದೇನೆ. ನಮ್ಮ ರಾಬಕೊವಿಯಂತಹ (ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ ಜಿಲ್ಲೆಗಳ) ಹಾಲು ಒಕ್ಕೂಟಗಳಲ್ಲಿ ಪ್ರತಿ ಊರಿನ ಸಂಘದ ಪುಸ್ತಕದಲ್ಲಿ ಎಷ್ಟು ಲೀಟರ್, ಯಾವ ದರ, ಎಷ್ಟು ಮನೆ ಎಂಬುದು ದಾಖಲಾಗಿರುತ್ತದೆ. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ಯಾರಿಗೆ ಎಷ್ಟು ಪೆಟ್ಟು ಎಂದು ಅವರು ಹೇಳಬಲ್ಲವರಾಗಿದ್ದರು. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಹಿಂದೆ ಸರಿಯಿತು. ಹಾಲು ಒಂದೇ ಕಾರಣವಲ್ಲ: ಚೀನಾದ ಸರಕಿನ ಭಯ, ಸುಂಕ ಇಳಿಕೆಗೆ 2014ನ್ನು ಆಧಾರ ವರ್ಷವಾಗಿಸಿದ ಬಗ್ಗೆ ತಕರಾರು, ಆಮದು ದಿಢೀರನೆ ಏರಿದರೆ ತಡೆಯುವ ಷರತ್ತಿನ ಬೇಡಿಕೆ ಎಲ್ಲವೂ ಇದ್ದವು. ಆದರೂ ದೇಶದೊಳಗಿನ ಲೆಕ್ಕಸಹಿತ ವಿರೋಧ ನಮ್ಮ ಪ್ರತಿನಿಧಿಗೇ ಬಲ ಕೊಡುತ್ತದೆ. ‘ಇದನ್ನು ಒಪ್ಪಿದರೆ ನಮ್ಮ ಸಂಸತ್ತು ಬಿಡುವುದಿಲ್ಲ’ ಎಂದು ಎದುರಿನವನು ಹೇಳುವಾಗ, ಮತ ಹಾಕುವ ಸಂಸತ್ತಿಲ್ಲದ ನಮ್ಮ ಅಧಿಕಾರಿಯ ಕೈಯಲ್ಲಿ ತೋರಿಸಲು ಈ ಕಾಗದಗಳೇ ಇರಬೇಕು.

ಬೀದಿ ಹೋರಾಟ ಬೇಡವೆಂದು ನಾನು ಹೇಳುತ್ತಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಗೆ ದಾರಿ ಮಾಡಿದ ಡಂಕೆಲ್ ಕರಡಿನ ಕಾಲದಲ್ಲಿ, 1993ರ ಜುಲೈನಲ್ಲಿ, ಬಳ್ಳಾರಿ ಜಿಲ್ಲೆಯಲ್ಲಿ ಕಟ್ಟುತ್ತಿದ್ದ ಕಾರ್ಗಿಲ್ ಕಂಪನಿಯ ಬೀಜ ಘಟಕವನ್ನು ರೈತ ಸಂಘದ ಕಾರ್ಯಕರ್ತರು ಕೆಡವಿದ ಸುದ್ದಿ ದೇಶದ ಆಚೆಗೂ ಹೋಯಿತು. ಮರುವರ್ಷ ಏಪ್ರಿಲ್ 15ರಂದು ಮರಕೇಶ್‌ನಲ್ಲಿ ಆ ಒಪ್ಪಂದಕ್ಕೆ ಭಾರತ ಸಹಿ ಹಾಕಿತು. 2009ರ ಅಕ್ಟೋಬರ್ 2ರಂದು ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ಒಪ್ಪಂದದ ವಿರುದ್ಧ ಕೇರಳದ ಉದ್ದಕ್ಕೂ ಮಾನವ ಸರಪಳಿ ನಿಂತಿತು. ಆ ಒಪ್ಪಂದಕ್ಕೆ ಆಗಸ್ಟಿನಲ್ಲೇ ಸಹಿಯಾಗಿತ್ತು, 2010ರ ಜನವರಿಯಲ್ಲಿ ಜಾರಿಗೂ ಬಂತು. ಜನ ಬೀದಿಗಿಳಿಯುವ ಹೊತ್ತಿಗೆ ಮೇಜಿನ ಮೇಲೆ ನಿರ್ದಿಷ್ಟ ಬೇಡಿಕೆಯೂ ಇರಬೇಕು, ಸಮಯವೂ ಉಳಿದಿರಬೇಕು.

ಯಾರಿಗೆ, ಯಾವಾಗ

ಜಿಲ್ಲಾಧಿಕಾರಿಗಳಿಗೆ ಕೊಟ್ಟು ಸುಮ್ಮನಾಗುವುದು ನಮ್ಮ ರೂಢಿ. ಅದರ ಬದಲು ಜಿಲ್ಲಾ ರಫ್ತು ಉತ್ತೇಜನ ಸಮಿತಿಯ ಸಭೆಯ ಕಾರ್ಯಸೂಚಿಗೆ ವಿಷಯ ಸೇರಿಸುವಂತೆ ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕ ಕೇಳಿ. ನಡಾವಳಿಯಲ್ಲಿ ದಾಖಲಾದ ಮಾತು ಬೆಂಗಳೂರಿನ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರಕ್ಕೂ, ಅಲ್ಲಿಂದ ರಾಜ್ಯ ಸರ್ಕಾರದ ಅಭಿಪ್ರಾಯವಾಗಿ ಕೇಂದ್ರಕ್ಕೂ ಹೋಗುವ ಸಾಧ್ಯತೆ ಹೆಚ್ಚು. ಮಾತುಕತೆ ಆರಂಭವಾಗುವಾಗ ವಾಣಿಜ್ಯ ಇಲಾಖೆ ಮತ್ತು ರಫ್ತು ಉತ್ತೇಜನ ಮಂಡಳಿಗಳು ಸಂಬಂಧಪಟ್ಟವರ ಅಭಿಪ್ರಾಯ ಕೇಳುತ್ತವೆ. ಉಡುಪಿಗೆ ಎಇಪಿಸಿ, ಅಕ್ಕಿ ಮುಂತಾದ ಕೃಷಿ ಉತ್ಪನ್ನಗಳಿಗೆ ಅಪೆಡಾ. ಜೀನ್ಸ್ ಘಟಕಗಳಲ್ಲಿ ಬಹಳಷ್ಟು ಇಂತಹ ಮಂಡಳಿಯ ಸದಸ್ಯರಲ್ಲದ ಕಾರಣ ಅವರ ಅಭಿಪ್ರಾಯವನ್ನು ಕೇಳುವವರೇ ಇರುವುದಿಲ್ಲ. ಸಂಘದ ಹೆಸರಿನಲ್ಲಾದರೂ ಒಂದು ಸದಸ್ಯತ್ವ ಪಡೆಯುವುದು ಒಳ್ಳೆಯದು.

ಬಳ್ಳಾರಿ, ರಾಯಚೂರು, ಕೊಪ್ಪಳದ ಮೂವರು ಸಂಸದರು ಯಾವ ಪಕ್ಷದವರೇ ಆಗಿರಲಿ, ಅವರಿಂದ ಒಂದೇ ವಿಷಯದ ಮೇಲೆ ಪ್ರಶ್ನೆ ಕೇಳಿಸಿ. ಲೋಕಸಭೆಯ ಪ್ರಶ್ನೆಗೆ ಕನಿಷ್ಠ 15 ದಿನ ಮುಂಚೆ ಸೂಚನೆ ಕೊಡಬೇಕಾದ್ದರಿಂದ ಅಧಿವೇಶನದ ದಿನಾಂಕ ಪ್ರಕಟವಾದ ವಾರದಲ್ಲೇ ಪ್ರಶ್ನೆಯ ಪಠ್ಯವನ್ನು ನೀವೇ ಬರೆದು ಕೊಡಿ. ‘ಹತ್ತಿ ಬೆಳೆಗಾರರ ಹಿತ ಕಾಯಲು ಸರ್ಕಾರ ಏನು ಮಾಡಿದೆ’ ಎಂದು ಕೇಳಿದರೆ ಎರಡು ಪುಟ ಯೋಜನೆಗಳ ಹೆಸರು ಬರುತ್ತದೆ. ‘5201ನ್ನು ಹೊರಗಿಡುವ ಪಟ್ಟಿಯಲ್ಲಿ ಸೇರಿಸುವ ಪ್ರಸ್ತಾವ ಇದೆಯೇ, ಕರ್ನಾಟಕ ಸರ್ಕಾರದ ಅಭಿಪ್ರಾಯ ಯಾವ ದಿನಾಂಕದಂದು ಪಡೆಯಲಾಯಿತು’ ಎಂದು ಕೇಳಬೇಕು. ಮಾತುಕತೆಯ ಗುಟ್ಟು ಬಿಟ್ಟುಕೊಡದಿದ್ದರೂ ದಿನಾಂಕದ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದು ಕಷ್ಟ. ವಾಣಿಜ್ಯ ವಿಷಯಗಳ ಸಂಸದೀಯ ಸ್ಥಾಯಿ ಸಮಿತಿಯಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು ಇರುತ್ತಾರೆ. ಅದು ವಿಷಯವೊಂದನ್ನು ಕೈಗೆತ್ತಿಕೊಂಡಾಗ ಸಾರ್ವಜನಿಕರಿಂದ ಲಿಖಿತ ಅಭಿಪ್ರಾಯ ಕೇಳುವುದುಂಟು, ಕರ್ನಾಟಕದ ಸದಸ್ಯರು ಅದರಲ್ಲಿದ್ದರೆ ಅವರಿಗೂ ಒಂದು ಪ್ರತಿ ತಲುಪಿಸಿ. ಮನವಿ ಕನ್ನಡದಲ್ಲಿ ಇರಲಿ, ಜೊತೆಗೆ ಇಂಗ್ಲಿಷ್ ಪ್ರತಿಯೂ ಇರಲಿ, ಏಕೆಂದರೆ ಓದುವವರು ಕನ್ನಡಿಗರಲ್ಲ.

ಸಹಿಯಾದ ಮೇಲೆ

ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಆಮದು ದಿಢೀರನೆ ಏರಿ ಇಲ್ಲಿನವರಿಗೆ ಹಾನಿಯಾದರೆ ವ್ಯಾಪಾರ ಪರಿಹಾರಗಳ ಮಹಾನಿರ್ದೇಶನಾಲಯಕ್ಕೆ ಅರ್ಜಿ ಹಾಕಬಹುದು. 2025ರ ಏಪ್ರಿಲ್‌ನಲ್ಲಿ ಕೆಲವು ಉಕ್ಕಿನ ಹಾಳೆಗಳ ಮೇಲೆ 200 ದಿನಗಳಿಗೆ ಶೇ 12ರ ತಾತ್ಕಾಲಿಕ ರಕ್ಷಣಾ ಸುಂಕ ಬಿದ್ದದ್ದು ಇದೇ ದಾರಿಯಲ್ಲಿ. ಸಣ್ಣವರಿಗೆ ಈ ದಾರಿ ದುರ್ಗಮ: ಕಡಿಮೆ ಬೆಲೆಗೆ ಸರಕು ಸುರಿಯುವುದರ ವಿರುದ್ಧದ ಅರ್ಜಿಗೆ ದೇಶದ ಉತ್ಪಾದನೆಯ ಕನಿಷ್ಠ ಶೇ 25ರಷ್ಟು ಪಾಲಿನ ಉತ್ಪಾದಕರ ಬೆಂಬಲ ಬೇಕು. ಬಳ್ಳಾರಿಯ ಘಟಕಗಳು ಒಟ್ಟಾಗಿ ನಿಂತರೂ ಇತರ ಊರುಗಳ ಉಡುಪು ತಯಾರಕರನ್ನು ಸೇರಿಸಿಕೊಳ್ಳದೆ ಅಲ್ಲಿಗೆ ಹೋಗಲಾಗದು.

ಲಾಭ ಪಡೆಯುವ ಕಡೆಯೂ ಒಂದು ಕೆಲಸವಿದೆ. ಸುಂಕ ರಿಯಾಯಿತಿಗೆ ಸರಕು ನಿಜವಾಗಿ ಇಲ್ಲಿಯದೇ ಎಂಬುದನ್ನು ತೋರಿಸಬೇಕು, ಬಟ್ಟೆ ಎಲ್ಲಿಯದು, ಹೊಲಿಗೆ ಎಲ್ಲಿ ಆಯಿತು ಎಂಬ ನಿಯಮ ಒಪ್ಪಂದದಿಂದ ಒಪ್ಪಂದಕ್ಕೆ ಬೇರೆ. ಬ್ರಿಟನ್‌ಗೆ ಜೀನ್ಸ್ ಕಳಿಸಬೇಕೆಂದಿರುವ ಘಟಕ ಡೆನಿಮ್ ಕೊಂಡ ಬಿಲ್ಲು, ವಾಷಿಂಗ್ ಘಟಕದ ಚಲನ್, ಹೊಲಿಗೆಯ ಕೂಲಿ ಪುಸ್ತಕ ಇವನ್ನು ಲಾಟ್ ಸಂಖ್ಯೆಯ ಪ್ರಕಾರ ಈಗಿನಿಂದಲೇ ಜೋಡಿಸಿಡಬೇಕು. ದಾರ ಕತ್ತರಿಸುವ, ಗುಂಡಿ ಹಾಕುವ ಕೆಲಸ ಮನೆಮನೆಗೆ ಹೋಗುವ ನಮ್ಮ ಪದ್ಧತಿಯಲ್ಲಿ ಆ ಕೂಲಿಗೂ ಚೀಟಿ ಬರೆಸಿಟ್ಟುಕೊಳ್ಳಬೇಕು. ಆ ಚೀಟಿಯಿಲ್ಲದಿದ್ದರೆ ಪ್ಯಾಂಟಿನ ಬೆಲೆಯಲ್ಲಿ ಇಲ್ಲಿ ಸೇರಿದ ಪಾಲು ಎಷ್ಟು ಎಂಬುದನ್ನು ತೋರಿಸಲು ಘಟಕದವರ ಬಳಿ ಬೇರೆ ದಾಖಲೆ ಇರುವುದಿಲ್ಲ.